ಜಾವಾ ದ್ವೀಪದ ‘ಸೆದೆಕಾಹ್’ ಆಚರಣೆಯೂ ಇಸ್ಲಾಮೀ ಧರ್ಮಶಾಸ್ತ್ರವೂ : ಒಂದು ವಿಮರ್ಶೆ

೧

ಬೆಳೆ ಮನೆಗೆ ಬಂದಾಗಲೂ ಬಲೆ ತುಂಬಿ ಮೀನು ಸಿಕ್ಕಾಗಲೂ ಜನರು ಒಟ್ಟುಗೂಡಿ ಕೃತಜ್ಞತೆಯನ್ನು ಸಲ್ಲಿಸುವ ಪದ್ಧತಿ ಬಹುತೇಕ ಎಲ್ಲ ಜನಾಂಗಗಳಲ್ಲಿಯೂ ಉಂಟು. ಆ ಕೃತಜ್ಞತೆ ಯಾರಿಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆ ಮಾತ್ರ ಎಲ್ಲ ಕಡೆಯೂ ಒಂದೇ ತೀವ್ರತೆಯಿಂದ ಎದ್ದಿಲ್ಲ. ಏಕದೇವೋಪಾಸನೆಯೇ ಜೀವಾಳವಾದ ಇಸ್ಲಾಂ ಧರ್ಮವು, ನೆಲ ನೀರುಗಳ ಶಕ್ತಿಗಳಿಗೆ ತಲೆತಲಾಂತರದಿಂದ ಕಾಣಿಕೆ ಸಲ್ಲಿಸುತ್ತ ಬಂದ ಸಮಾಜವೊಂದರಲ್ಲಿ ನೆಲೆಗೊಂಡಾಗ ಈ ಪ್ರಶ್ನೆ ಅನಿವಾರ್ಯವಾಗಿ ಏಳುತ್ತದೆ. ಇಂಡೋನೇಷಿಯದ ಜಾವಾ ದ್ವೀಪದ ‘ಸೆದೆಕಾಹ್ ಬೂಮಿ’ ಮತ್ತು ‘ಸೆದೆಕಾಹ್ ಲಾವುತ್’ ಎಂಬ ಆಚರಣೆಗಳು ಇದಕ್ಕೆ ಒಳ್ಳೆಯ ನಿದರ್ಶನಗಳು.

ಇದು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದ ವಿಷಯವೆಂದು ತಿಳಿಯಬಾರದು. ೨೦೧೮ರ ಅಕ್ಟೋಬರಿನಲ್ಲಿ ಯೋಗ್ಯಕರ್ತಾ ಪ್ರಾಂತದ ಬಾಂತುಲ್ ಜಿಲ್ಲೆಯ ಕಡಲತೀರವೊಂದರಲ್ಲಿ ಸೆದೆಕಾಹ್ ಲಾವುತ್ತಿಗಾಗಿ ನಡೆದಿದ್ದ ಸಿದ್ಧತೆಗಳನ್ನು ಒಂದು ಗುಂಪು ರಾತ್ರಿ ವೇಳೆ ಬಂದು ಹಾಳುಮಾಡಿತು. ಆಚರಣೆಯು ‘ಶಿರ್ಕ್’, ಎಂದರೆ ದೇವರಿಗೆ ಸಹಭಾಗಿಗಳನ್ನು ಕಲ್ಪಿಸುವ ಮಹಾಪಾಪ, ಎಂಬುದು ಅವರ ಆಕ್ಷೇಪಣೆ. ಕೆಡವಿದವರಂತೆಯೇ ಕಟ್ಟಿದವರೂ ಮುಸಲ್ಮಾನರು ಎಂಬುದನ್ನು ಇಲ್ಲಿ ಗಮನಿಸಬೇಕು. ಹೀಗಿರುವಲ್ಲಿ, ಇಂಥ ಆಚರಣೆಯ ವಿಷಯವಾಗಿ ಶಾಸ್ತ್ರವು ನಿಜವಾಗಿ ಏನನ್ನು ಹೇಳುತ್ತದೆ, ಯಾವ ಆಧಾರದ ಮೇಲೆ ಹೇಳುತ್ತದೆ, ಹೇಳಲಾರದೆ ಎಲ್ಲಿ ನಿಲ್ಲುತ್ತದೆ ಎಂಬ ಮೂರು ಅಂಶಗಳನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಆಚರಣೆಯ ಸ್ವರೂಪವನ್ನು ತಿಳಿಯೋಣ. ‘ಸೆದೆಕಾಹ್’ ಎಂಬುದು ಅರಬ್ಬಿಯ ‘ಸದಕಾ’ ಶಬ್ದದ ತದ್ಭವ. ದೇವರ ಪ್ರೀತ್ಯರ್ಥವಾಗಿ ಕೊಡುವ ದಾನ ಎಂದು ಅರ್ಥ. ‘ಬೂಮಿ’ ಎಂಬುದು ನಮ್ಮ ಭೂಮಿಯೇ. ‘ಲಾವುತ್’ ಎಂದರೆ ಮಲಯ ಭಾಷೆಯಲ್ಲಿ ಕಡಲು. ಜಾವಾದ ಸಾಮಾನ್ಯ ಸಾಮೂಹಿಕ ಭೋಜನಕ್ಕಿರುವ ‘ಸ್ಲಾಮೆತಾನ್’ ಎಂಬ ಹೆಸರು ಕ್ಷೇಮವನ್ನು ಸೂಚಿಸುವ ಅರಬ್ಬೀ ಧಾತುವಿನಿಂದ ಬಂದದ್ದು; ಅಲ್ಲಿಂದ ಮನೆಗೆ ಒಯ್ಯುವ ಅನ್ನಕ್ಕಿರುವ ‘ಬೆರ್ಕಾತ್’ ಎಂಬ ಹೆಸರು ‘ಬರಕತ್ತಿ’ನಿಂದ ಬಂದದ್ದು. ಪ್ರಾರ್ಥನೆಯನ್ನು ನಡೆಸುವ ಗ್ರಾಮದ ‘ಮೋದಿನ್’ ಮೂಲತಃ ‘ಮುಅಜ್ಜಿನ್’. ಹೆಸರುಗಳ ಮಟ್ಟಿಗೆ ನೋಡಿದರೆ ಇಡೀ ಆಚರಣೆಯು ಅರಬ್ಬೀ ಉಡುಪನ್ನು ತೊಟ್ಟಿದೆ. ದಾನಕ್ಕೆ ಸಂಸ್ಕೃತದ ಭೂಮಿಯೊಂದು ಮಾತ್ರ ಜೊತೆಯಾಗಿದೆ.

ಸೆದೆಕಾಹ್ ಬೂಮಿ ನಡೆಯುವುದು ಸುಗ್ಗಿಯ ಅನಂತರ. ಉತ್ತರ ಕರಾವಳಿಯ ಅನೇಕ ಗ್ರಾಮಗಳಲ್ಲಿ ಇದಕ್ಕೆ ಜಾವಾ ಪಂಚಾಂಗದ ‘ಆಪಿತ್’ ಮಾಸ, ಎಂದರೆ ಹಿಜರಿಯ ಜುಲ್‌ಕಾದಾ, ಗೊತ್ತಾದ ಕಾಲ. ಶಂಕುವಿನಾಕಾರದಲ್ಲಿ ಒಟ್ಟಿದ ‘ತುಂಪೆಂಗ್’ ಎಂಬ ಅನ್ನದ ರಾಶಿಯನ್ನೂ ವ್ಯಂಜನಗಳನ್ನೂ ಮನೆಮನೆಯಿಂದ ತಂದು ಗ್ರಾಮದ ಚಾವಡಿಯಲ್ಲಿಯೋ, ಊರನ್ನು ಕಟ್ಟಿದ ಮೂಲಪುರುಷನ ಸಮಾಧಿಯ ಬಳಿಯೋ, ನೀರಿನ ಊಟೆಯ ಹತ್ತಿರವೋ ಇಡುತ್ತಾರೆ. ಮೋದಿನನು ಅರಬ್ಬಿಯಲ್ಲಿ ಪ್ರಾರ್ಥನೆ ಮಾಡುತ್ತಾನೆ. ನೆರೆದವರು ‘ಆಮೀನ್’ ಎನ್ನುತ್ತಾರೆ. ಅನ್ನವನ್ನು ಹಂಚಿಕೊಂಡು ಉಣ್ಣುತ್ತಾರೆ. ಕೆಲವೆಡೆ ರಾತ್ರಿ ತೊಗಲುಗೊಂಬೆಯಾಟವೂ ನಡೆಯುತ್ತದೆ. ಇದರೊಂದಿಗೆ ಹೂವು, ಧೂಪ, ತಿನಿಸುಗಳ ಸಣ್ಣ ಎಡೆಯೊಂದನ್ನು ಇಡುವುದುಂಟು. ಅದಕ್ಕೆ ‘ಸಾಜೆನ್’ ಎಂದು ಹೆಸರು. ಈ ಎಡೆ ಗ್ರಾಮವನ್ನು ಕಾಯುವ ಅದೃಶ್ಯ ಶಕ್ತಿಗೆ ಎಂದು ಹೇಳುವವರುಂಟು. ಭತ್ತದ ಅಧಿದೇವತೆಯಾದ ‘ದೇವಿ ಶ್ರೀ’ಯನ್ನು ನೆನೆಯುವವರೂ ಉಂಟು.

ಸೆದೆಕಾಹ್ ಲಾವುತ್ ಬೆಸ್ತರ ಹಬ್ಬ. ಉತ್ತರ ತೀರದ ಜೆಪಾರಾದಲ್ಲಿ ಅದು ‘ಲೋಂಬಾನ್’ ಎಂಬ ಹೆಸರಿನಿಂದ ರಂಜಾನ್ ಹಬ್ಬದ ಒಂದು ವಾರದ ಮೇಲೆ, ಶವ್ವಾಲ್ ತಿಂಗಳ ೮ರಂದು, ನಡೆಯುತ್ತದೆ. ದಕ್ಷಿಣದ ಚಿಲಾಚಾಪಿನಲ್ಲಿಯೂ ಪೂರ್ವದ ಬಾನ್ಯುವಾಂಗಿ ಜಿಲ್ಲೆಯ ಮುಂಚಾರಿನಲ್ಲಿಯೂ ಅದಕ್ಕೆ ‘ಸುರಾ’ ಮಾಸ ಮೀಸಲು. ಸುರಾ ಎಂಬುದು ಮುಹರ್ರಮಿನ ‘ಆಶೂರಾ’ದಿಂದ ಬಂದ ಹೆಸರು. ಮತಾರಾಂ ರಾಜ್ಯದ ಸುಲ್ತಾನ್ ಅಗುಂಗನು ೧೬೩೩ರಲ್ಲಿ ಶಕವರ್ಷದ ಎಣಿಕೆಯನ್ನು ಮುಂದುವರಿಸಿ ಅದಕ್ಕೆ ಹಿಜರಿಯ ಚಾಂದ್ರಮಾಸಗಳನ್ನು ಜೋಡಿಸಿದಂದಿನಿಂದ ಜಾವಾದ ಹಬ್ಬಗಳು ಈ ಮಿಶ್ರ ಪಂಚಾಂಗವನ್ನು ಅನುಸರಿಸುತ್ತಿವೆ. ಹಬ್ಬದ ದಿನ ಕೋಣನನ್ನು ಕೊಯ್ದು ಮಾಂಸವನ್ನು ಜನರು ಉಣ್ಣುತ್ತಾರೆ. ತಲೆಯನ್ನು ಮಾತ್ರ ಹೂವು ಹಣ್ಣುಗಳೊಡನೆ ಸಿಂಗರಿಸಿದ ಪುಟ್ಟ ದೋಣಿಯಲ್ಲಿಟ್ಟು, ನೂರಾರು ದೋಣಿಗಳ ಮೆರವಣಿಗೆಯಲ್ಲಿ ಒಯ್ದು, ಕಡಲಿಗೆ ಬಿಡುತ್ತಾರೆ. ದಕ್ಷಿಣ ತೀರದಲ್ಲಿ ಈ ಸಂದರ್ಭದಲ್ಲಿ ಕಡಲರಾಣಿಯಾದ ‘ರಾತು ಕಿದುಲ್’ ಎಂಬವಳ ಹೆಸರು ಕೇಳಿಬರುತ್ತದೆ.

ಹೀಗೆ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಕ್ರಿಯೆಗಳು ಸೇರಿಕೊಂಡಿವೆ: ದೇವರಲ್ಲಿ ಪ್ರಾರ್ಥನೆ, ಮನುಷ್ಯರಿಗೆ ಅನ್ನದಾನ, ನೆಲಕ್ಕೋ ನೀರಿಗೋ ಸಲ್ಲಿಸುವ ಎಡೆ. ಮುಂದಿನ ಚರ್ಚೆಗೆ ಈ ವಿಂಗಡಣೆಯೇ ಆಧಾರ.

೩

ಈ ಆಚರಣೆಗಳನ್ನು ಕುರಿತ ಆಧುನಿಕ ಪಾಂಡಿತ್ಯವು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಬೆಳೆದಿದೆ: ಇದು ಇಸ್ಲಾಮೇ, ಅಲ್ಲವೇ? ೧೯೫೦ರ ದಶಕದ ಮೊದಲರ್ಧದಲ್ಲಿ ಪೂರ್ವ ಜಾವಾದ ಪಟ್ಟಣವೊಂದರಲ್ಲಿದ್ದು ಅಧ್ಯಯನ ಮಾಡಿದ ಕ್ಲಿಫರ್ಡ್ ಗೀರ್ಟ್ಸ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ೧೯೬೦ರಲ್ಲಿ ಪ್ರಕಟಿಸಿದ ‘ಜಾವಾದ ಧರ್ಮ’ ಎಂಬರ್ಥದ ಗ್ರಂಥದಲ್ಲಿ ಸ್ಲಾಮೆತಾನನ್ನು ಜಾವಾ ಧರ್ಮದ ಕೇಂದ್ರವೆಂದು ಎತ್ತಿಹಿಡಿದರು. ಅವರ ವಿಭಾಗದಂತೆ ಅದು ಮುಖ್ಯವಾಗಿ ‘ಅಬಂಗಾನ್’ ಎಂಬ ಗ್ರಾಮೀಣ ವರ್ಗಕ್ಕೆ ಸೇರಿದ್ದು. ಆ ವರ್ಗದ ಇಸ್ಲಾಂ ಮೇಲ್ಪದರವಷ್ಟೆ. ೧೯೮೮ರಲ್ಲಿ ಮಾರ್ಕ್ ವುಡ್‌ವರ್ಡ್ ಇದಕ್ಕೆ ನೇರವಾದ ಪ್ರತಿವಾದವನ್ನು ಹೂಡಿ, ಸ್ಲಾಮೆತಾನಿನ ಅನ್ನದಾನ, ಪ್ರಾರ್ಥನೆ, ಬರಕತ್ತುಗಳ ಕಲ್ಪನೆಗೆ ಇಸ್ಲಾಮಿನ ಗ್ರಂಥಪರಂಪರೆಯಲ್ಲಿಯೇ ಮೂಲವಿದೆಯೆಂದು ತೋರಿಸಿದರು. ಬಾನ್ಯುವಾಂಗಿಯಲ್ಲಿ ಕೆಲಸಮಾಡಿದ ಆಂಡ್ರೂ ಬೀಟಿಯವರು ೧೯೯೦ರ ದಶಕದ ತಮ್ಮ ಬರಹಗಳಲ್ಲಿ ಮೂರನೆಯ ದಾರಿ ಹಿಡಿದರು. ಒಂದೇ ಚಾಪೆಯ ಮೇಲೆ ಕುಳಿತವರು ಒಂದೇ ಮಾತಿಗೆ ಭಿನ್ನ ಭಿನ್ನ ಅರ್ಥಗಳನ್ನು ಇಟ್ಟುಕೊಂಡಿರುತ್ತಾರೆ. ಆ ಅನಿಶ್ಚಿತತೆಯನ್ನು ಬಿಡಿಸದೆ ಉಳಿಸಿಕೊಳ್ಳುವುದರಿಂದಲೇ ನೆರೆಹೊರೆಯವರು ಕೂಡಿ ಉಣ್ಣುವುದು ಸಾಧ್ಯವಾಗಿದೆ ಎಂಬುದು ಅವರ ವಿವೇಚನೆಯ ಸಾರ.

ಈ ಮೂವರ ಪರಿಶ್ರಮವೂ ಆದರಣೀಯವೇ. ಆದರೆ ಗೀರ್ಟ್ಸ್ ಮತ್ತು ವುಡ್‌ವರ್ಡರ ವಾದದಲ್ಲಿ ಸಮಾನವಾದ ಒಂದು ನ್ಯೂನತೆ ಉಂಟು. ಆಚರಣೆಯ ಮೂಲ ಎಲ್ಲಿಯದು ಎಂಬುದರಿಂದ ಅದರ ಧಾರ್ಮಿಕ ಸ್ಥಾನ ನಿರ್ಧಾರವಾಗುತ್ತದೆಂದು ಇಬ್ಬರೂ ಭಾವಿಸಿದಂತಿದೆ: ಮೂಲ ಹಿಂದೂ ಅಥವಾ ಭೂತಾರಾಧನೆಯದಾದರೆ ಇಸ್ಲಾಮಲ್ಲ, ಮೂಲ ಅರಬ್ಬೀ ಗ್ರಂಥದಲ್ಲಿದ್ದರೆ ಇಸ್ಲಾಂ. ಇಸ್ಲಾಮೀ ಧರ್ಮಶಾಸ್ತ್ರವಾದ ‘ಫಿಕ್ಹ್’ ಹೀಗೆ ವಿಚಾರಮಾಡುವುದಿಲ್ಲ. ಅದರ ದೃಷ್ಟಿಯಲ್ಲಿ ಆಚರಣೆಯ ವಂಶಾವಳಿ ಗೌಣ. ಅದು ಯಾರನ್ನು ಉದ್ದೇಶಿಸಿ ನಡೆಯುತ್ತದೆ, ಅದರಲ್ಲಿ ಸೇರಿದ ಒಂದೊಂದು ಕ್ರಿಯೆಯೂ ಪ್ರತ್ಯೇಕವಾಗಿ ಎಂಥದು ಎಂಬುದು ಪ್ರಧಾನ. ಇದನ್ನು ಸಮರ್ಥಿಸಲು ಶಾಸ್ತ್ರದ ಒಳಗಿನಿಂದಲೇ ಕೆಲವು ಪ್ರಮಾಣಗಳನ್ನು ನೋಡಬೇಕು.

೪

ನಮ್ಮ ವಾಚಕರಿಗೆ ಪರಿಚಿತವಾದ ಒಂದು ಪರಿಭಾಷೆಯಿಂದ ಆರಂಭಿಸಬಹುದು. ಪೂರ್ವಮೀಮಾಂಸಕರು ಯಾಗವನ್ನು ವಿಶ್ಲೇಷಿಸುವಾಗ ದ್ರವ್ಯ, ದೇವತೆ, ತ್ಯಾಗ ಎಂಬ ಮೂರು ಅಂಗಗಳನ್ನು ಹೇಳುತ್ತಾರೆ. ದೇವತೆಯನ್ನು ಉದ್ದೇಶಿಸಿ ದ್ರವ್ಯದ ಮೇಲಣ ಸ್ವತ್ವವನ್ನು ಬಿಡುವುದೇ ಅವರ ಪ್ರಕಾರ ಯಾಗ. ದಾನದಲ್ಲಾದರೋ ದ್ರವ್ಯವು ಬದುಕಿರುವ ಪ್ರತಿಗ್ರಾಹಿಯ ಕೈ ಸೇರಬೇಕು. ಎರಡರಲ್ಲಿಯೂ ಬಿಟ್ಟುಕೊಡುವುದು ಸಮಾನವಾದರೂ ‘ಉದ್ದೇಶ’ ಬೇರೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಜಾವಾದ ಸಮಸ್ಯೆ ತಿಳಿಯಾಗುತ್ತದೆ. ‘ಸೆದೆಕಾಹ್’ ಎಂಬ ಹೆಸರು ದಾನವನ್ನು ಹೇಳುತ್ತದೆ. ಕಡಲಿಗೆ ಬಿಟ್ಟ ಕೋಣನ ತಲೆ ಬಲಿಯಂತೆ ಕಾಣುತ್ತದೆ. ಶಾಸ್ತ್ರಜ್ಞನು ಕೇಳಬೇಕಾದದ್ದು ಇದು ಎರಡರಲ್ಲಿ ಯಾವುದು ಎಂದು.

ಕುರ್‌ಆನಿನ ‘ಅನ್‌ಆಮ್’ ಎಂಬ ೬ನೆಯ ಅಧ್ಯಾಯದಲ್ಲಿ ಪರಸ್ಪರ ಹತ್ತಿರದಲ್ಲಿರುವ ಎರಡು ವಚನಗಳು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಪ್ರಾಚೀನ ಅರಬ್ಬರು ತಮ್ಮ ಬೆಳೆಯಲ್ಲಿಯೂ ದನಕರುಗಳಲ್ಲಿಯೂ ಒಂದು ಪಾಲನ್ನು ದೇವರಿಗೆಂದೂ ಇನ್ನೊಂದನ್ನು ತಾವು ಕಲ್ಪಿಸಿಕೊಂಡ ಸಹಭಾಗಿಗಳಿಗೆಂದೂ ತೆಗೆದಿಡುತ್ತಿದ್ದುದನ್ನು ೧೩೬ನೆಯ ವಚನ ಖಂಡಿಸುತ್ತದೆ. ಸುಗ್ಗಿಯ ದಿನ ಫಸಲಿನಿಂದ ಸಲ್ಲತಕ್ಕ ಹಕ್ಕನ್ನು ಕೊಡಬೇಕು, ಆದರೆ ದುಂದು ಮಾಡಬಾರದು ಎಂದು ೧೪೧ನೆಯ ವಚನ ವಿಧಿಸುತ್ತದೆ. ಸುಗ್ಗಿಯ ಪಾಲು ಎಂಬ ಕಲ್ಪನೆ ಎರಡರಲ್ಲಿಯೂ ಇದೆ. ಹಿಂದಿನದರಲ್ಲಿ ನಿಷಿದ್ಧವಾದದ್ದು ಪಾಲನ್ನು ಪಡೆಯುವವನ ವಿಷಯ, ಪಾಲು ತೆಗೆಯುವ ಕ್ರಿಯೆಯಲ್ಲ. ಫಿಕ್ಹಿನಲ್ಲಿ ಇದರ ಮೇಲೆಯೇ ಧಾನ್ಯದ ಜಕಾತ್ ನಿಂತಿದೆ: ಗೊತ್ತಾದ ಪ್ರಮಾಣವನ್ನು ಮೀರಿದ ಫಸಲಿಗೆ ಮಳೆನೀರಿನ ಬೆಳೆಯಾದರೆ ೧೦ರಲ್ಲಿ ೧ ಪಾಲು, ಶ್ರಮಪಟ್ಟು ನೀರೆತ್ತಿ ಬೆಳೆದುದಾದರೆ ೨೦ರಲ್ಲಿ ೧ ಪಾಲು. ಇದು ಕಡ್ಡಾಯ, ಸೆದೆಕಾಹ್ ಬೂಮಿ ಇದಕ್ಕೆ ಬದಲಾಗದು ಎಂಬುದರಲ್ಲಿ ಯಾವ ಪಕ್ಷಕ್ಕೂ ಸಂದೇಹವಿಲ್ಲ.

ಹದೀಸ್ ಸಾಹಿತ್ಯದಲ್ಲಿ ಇನ್ನೂ ಸ್ಪಷ್ಟವಾದ ನಿದರ್ಶನಗಳುಂಟು. ಒಂಟೆಯ ಚೊಚ್ಚಲ ಮರಿಯನ್ನು ಬಲಿಕೊಡುವ ‘ಫರಅ್’, ರಜಬ್ ತಿಂಗಳಿನ ಬಲಿಯಾದ ‘ಅತೀರಾ’ ಎಂಬ ಎರಡು ಪ್ರಾಚೀನ ಪದ್ಧತಿಗಳು ಇನ್ನಿಲ್ಲವೆಂದು ಪ್ರವಾದಿಗಳು ಸಾರಿದುದಾಗಿ ಬುಖಾರೀ ಮತ್ತು ಮುಸ್ಲಿಂ ಸಂಗ್ರಹಗಳಲ್ಲಿದೆ. ಅಬೂದಾವೂದರ ಸಂಗ್ರಹದಲ್ಲಿ ಬರುವ ಇನ್ನೊಂದು ವರದಿಯಂತೆ, ಅತೀರಾವನ್ನು ಕುರಿತು ಕೇಳಿದವರಿಗೆ ಯಾವ ತಿಂಗಳಾದರೂ ಸರಿ, ದೇವರಿಗಾಗಿ ಕೊಯ್ದು ಜನರಿಗೆ ಉಣಬಡಿಸಿರೆಂದು ಉತ್ತರ ದೊರೆಯಿತು. ಶಿಶುಜನನದ ‘ಅಕೀಕಾ’ವೂ ಇಸ್ಲಾಮಿಗಿಂತ ಹಿಂದಿನದೇ. ಆಗ ಕುರಿಯ ರಕ್ತವನ್ನು ಮಗುವಿನ ತಲೆಗೆ ಸವರುತ್ತಿದ್ದರು. ಇಸ್ಲಾಂ ಬಂದ ಮೇಲೆ ಕುರಿ ಉಳಿಯಿತು, ಊಟ ಉಳಿಯಿತು, ರಕ್ತದ ಸ್ಥಾನದಲ್ಲಿ ಕೇಸರಿ ಬಂದಿತು. ಮೂಲವು ಅನ್ಯವೆಂಬ ಕಾರಣದಿಂದಲೇ ತ್ಯಾಜ್ಯವಾಗಬೇಕಾಗಿದ್ದರೆ ಅಕೀಕಾ ಇಂದು ಇರುತ್ತಿರಲಿಲ್ಲ.

ಜಾವಾದ ಮುಸಲ್ಮಾನರು ಬಹುತೇಕ ಶಾಫಿಈ ಸಂಪ್ರದಾಯದವರಾದ್ದರಿಂದ ಆ ಸಂಪ್ರದಾಯದ ಇಬ್ಬರು ಗ್ರಂಥಕಾರರನ್ನು ವಿಶೇಷವಾಗಿ ಗಮನಿಸಬೇಕು. ದೇವರಲ್ಲದವರಿಗಾಗಿ ಕೊಯ್ಯುವವನು ಶಾಪಗ್ರಸ್ತನೆಂಬ ಹದೀಸಿಗೆ ವ್ಯಾಖ್ಯಾನ ಬರೆಯುವಾಗ ೧೩ನೆಯ ಶತಮಾನದ ನವವೀ ಒಂದು ವಿವಾದವನ್ನು ದಾಖಲಿಸಿದ್ದಾರೆ. ಸುಲ್ತಾನನು ಊರಿಗೆ ಬಂದಾಗ ಎದುರುಗೊಂಡು ಪ್ರಾಣಿಯನ್ನು ಕೊಯ್ಯುವ ಪದ್ಧತಿ ಸಲ್ಲದೆಂದು ಬುಖಾರಾದ ವಿದ್ವಾಂಸರು ತೀರ್ಪಿತ್ತಿದ್ದರು. ಅದಕ್ಕೆ ಅಲ್ ರಾಫಿಈ ಕೊಟ್ಟ ಸಮಾಧಾನ ಇದು: ಜನರು ಕೊಯ್ಯುವುದು ಅವನ ಬರವಿನ ಸಂತೋಷಕ್ಕಾಗಿ, ಮಗು ಹುಟ್ಟಿದ ಸಂತೋಷಕ್ಕೆ ಅಕೀಕಾ ಮಾಡಿದಂತೆ, ಇದರಿಂದ ನಿಷೇಧ ಒದಗುವುದಿಲ್ಲ. ಎಂದರೆ, ಕ್ರಿಯೆಗೆ ‘ನಿಮಿತ್ತ’ವಾಗುವುದು ಬೇರೆ, ಅದರ ‘ಉದ್ದೇಶ್ಯ’ವಾಗುವುದು ಬೇರೆ. ಮೀನಿನ ಸುಗ್ಗಿ ನಿಮಿತ್ತವಾಗಬಹುದು, ಕಡಲು ಉದ್ದೇಶ್ಯವಾಗಬಾರದು.

ಎರಡನೆಯವರು ನಮಗೆ ಇನ್ನೂ ಸಮೀಪದವರು. ೧೬ನೆಯ ಶತಮಾನದಲ್ಲಿ ಮಲಬಾರಿನ ಪೊನ್ನಾನಿಯ ಪರಂಪರೆಯಲ್ಲಿ ಬೆಳೆದ ಜೈನುದ್ದೀನ್ ಮಖ್ದೂಮರ ‘ಫತ್‌ಹುಲ್ ಮುಈನ್’ ಎಂಬ ಫಿಕ್ಹ್ ಗ್ರಂಥವನ್ನು ಜಾವಾದ ‘ಪೆಸಾಂತ್ರೆನ್’ ವಿದ್ಯಾಲಯಗಳಲ್ಲಿ ಓದಿಸುತ್ತಾರೆ. ಕೇರಳದ ದರ್ಸುಗಳಲ್ಲಿಯೂ, ಶಾಫಿಈಗಳೇ ಆದ ನಮ್ಮ ದಕ್ಷಿಣ ಕನ್ನಡದ ಬ್ಯಾರಿಗಳ ದರ್ಸುಗಳಲ್ಲಿಯೂ ಅದೇ ಗ್ರಂಥ ನಡೆಯುತ್ತದೆ. ಜಿನ್ನುಗಳ ಉಪದ್ರವ ತಪ್ಪಲೆಂದು ದೇವರ ಸಾನ್ನಿಧ್ಯವನ್ನು ಬಯಸಿ ಪ್ರಾಣಿಯನ್ನು ಕೊಯ್ದರೆ ಅದು ನಿಷಿದ್ಧವಲ್ಲ, ಜಿನ್ನುಗಳನ್ನೇ ಉದ್ದೇಶಿಸಿ ಕೊಯ್ದರೆ ನಿಷಿದ್ಧ ಎಂಬ ಅಭಿಪ್ರಾಯದ ಒಂದು ಚಿಕ್ಕ ಸೂಚನೆ ಅದರಲ್ಲಿದೆ. ಭಯದ ಕಾರಣ ಒಂದೇ, ಪ್ರಾಣಿ ಒಂದೇ, ಕತ್ತಿ ಒಂದೇ. ತೀರ್ಪು ಮಾತ್ರ ಎರಡು. ಜಾವಾದ ಆಚರಣೆಯನ್ನು ಅಳೆಯಲು ಇದಕ್ಕಿಂತ ಹೊಂದುವ ಮಾನದಂಡ ಬೇರೊಂದಿಲ್ಲ.

೫

ಈಗ ಈ ಮಾನದಂಡವನ್ನು ಆಚರಣೆಯ ಅಂಗಗಳಿಗೆ ಒಂದೊಂದಾಗಿ ಅನ್ವಯಿಸಬಹುದು.

ದೇವರ ಹೆಸರಿನಲ್ಲಿ ಕೊಯ್ಯುವುದು, ನೆರೆಯವರಿಗೂ ಬಡವರಿಗೂ ಉಣಬಡಿಸುವುದು, ಅದರ ಮುಂದೆ ಪ್ರಾರ್ಥಿಸುವುದು ಇವೆಲ್ಲ ಸ್ವತಃ ಶ್ಲಾಘ್ಯವಾದ ಕರ್ಮಗಳು. ಇಲ್ಲಿ ಆಕ್ಷೇಪಣೆ ಬರುವುದು ದಿನದ ವಿಷಯದಲ್ಲಿ. ಶಾಸ್ತ್ರವು ಗೊತ್ತುಮಾಡದ ದಿನವನ್ನು ಉಪಾಸನೆಗೆ ಗೊತ್ತುಮಾಡುವುದು ‘ಬಿದ್‌ಅತ್’, ಎಂದರೆ ಧರ್ಮದಲ್ಲಿ ನೂತನ ಕಲ್ಪನೆ, ಆಗುತ್ತದೆಂದು ಒಂದು ಪಕ್ಷ. ೧೪ನೆಯ ಶತಮಾನದ ಶಾತಿಬೀ, ಮೂಲತಃ ವಿಹಿತವಾದ ಕರ್ಮಕ್ಕೂ ಆಧಾರವಿಲ್ಲದ ಕಾಲನಿಯಮವನ್ನು ತೊಡಿಸಿದರೆ ಅದು ಸಾಪೇಕ್ಷವಾದ ಬಿದ್‌ಅತ್ ಎಂದು ವಾದಿಸಿದ್ದಾರೆ. ಶಾಫಿಈ ವಿದ್ವಾಂಸರಾದ ಇಜ್ಜುದ್ದೀನ್ ಇಬ್ನ್ ಅಬ್ದುಸ್ಸಲಾಮರು (ಮರಣ ೧೨೬೨) ನೂತನ ಕಲ್ಪನೆಗಳನ್ನು ಕಡ್ಡಾಯದಿಂದ ನಿಷಿದ್ಧದವರೆಗೆ ಐದು ವರ್ಗಗಳಾಗಿ ವಿಂಗಡಿಸಿದ್ದಾರೆ. ಎರಡನೆಯ ಪಕ್ಷಕ್ಕೆ ಲೋಕರೂಢಿಯನ್ನು ತೀರ್ಪಿನ ಆಧಾರಗಳಲ್ಲೊಂದೆಂದು ಒಪ್ಪುವ ಸೂತ್ರವೂ ಬೆಂಬಲವಾಗಿದೆ. ಸುಗ್ಗಿ ಮುಗಿದ ಬಿಡುವಿನಲ್ಲಿ ಕೂಡುವುದು ಅನುಕೂಲಕ್ಕಾಗಿ ಎಂದಾದರೆ ಅದು ರೂಢಿ. ಆ ದಿನಕ್ಕೇ ವಿಶೇಷ ಪುಣ್ಯವುಂಟೆಂದು ನಂಬಿದರೆ ಚರ್ಚೆಗೆ ಆಸ್ಪದ. ಏನಿದ್ದರೂ ಇದು ವಿದ್ವಾಂಸರ ನಡುವಣ ಮತಭೇದ. ಇಲ್ಲಿ ಶಿರ್ಕಿನ ಮಾತಿಲ್ಲ.

ಎಡೆಯ ವಿಷಯದಲ್ಲಿ ಸ್ಥಿತಿ ಬೇರೆ. ಗ್ರಾಮರಕ್ಷಕ ಶಕ್ತಿಗೋ ಕಡಲರಾಣಿಗೋ ಸಲ್ಲಲೆಂದು, ಅವರಿಂದ ಕ್ಷೇಮವನ್ನು ಅಪೇಕ್ಷಿಸಿ ಇಟ್ಟ ಸಾಜೆನ್ ನಿಷಿದ್ಧವೆಂಬುದರಲ್ಲಿ ಯಾವ ಸಂಪ್ರದಾಯದಲ್ಲಿಯೂ ಎರಡು ಮಾತಿಲ್ಲ. ಹಾಗೆ ಉದ್ದೇಶಿಸಿ ಕೊಯ್ದ ಪ್ರಾಣಿಯ ಮಾಂಸವೂ ಅಭಕ್ಷ್ಯ.

ಕೋಣನ ತಲೆಯದು ಇವೆರಡರ ನಡುವಣ ತೊಡಕು. ಅದನ್ನು ಕಡಲಿನ ಶಕ್ತಿಗೆ ಅರ್ಪಿಸಿದರೆ ಮೇಲಿನ ತೀರ್ಪೇ ಅನ್ವಯಿಸುತ್ತದೆ. ಅರ್ಪಣೆಯ ಭಾವನೆ ಇಲ್ಲ, ಹಿರಿಯರ ರೂಢಿಯಷ್ಟೆ ಎಂದು ಹೇಳಿದರೂ ಪ್ರಶ್ನೆ ಮುಗಿಯುವುದಿಲ್ಲ. ತಿನ್ನಲು ಬರುವ ವಸ್ತುವನ್ನು ನೀರುಪಾಲು ಮಾಡುವುದು ಸಂಪತ್ತಿನ ಅಪವ್ಯಯವಲ್ಲವೆ? ದುಂದನ್ನು ಕುರ್‌ಆನ್ ನಿಷೇಧಿಸಿರುವುದನ್ನು ಮೇಲೆ ನೋಡಿದ್ದೇವೆ; ಧನವನ್ನು ಹಾಳುಮಾಡುವುದು ದೇವರಿಗೆ ಅಪ್ರಿಯವೆಂದು ಬುಖಾರೀ ಸಂಗ್ರಹದಲ್ಲಿಯೂ ಇದೆ. ಮೀನುಗಳಿಗೆ ಆಹಾರವಾಯಿತೆಂದು ಸಮಾಧಾನ ಹೇಳಿದರೆ, ಪ್ರಾಣಿಗಳಿಗೆ ಉಣಿಸುವುದೂ ಪುಣ್ಯವಾದ್ದರಿಂದ ಅದನ್ನು ಒಮ್ಮೆಗೇ ತಳ್ಳಿಹಾಕುವಂತಿಲ್ಲ. ಆದರೆ ಮೀನಿಗೆ ಅನ್ನವಿಡಲು ಸಿಂಗರಿಸಿದ ದೋಣಿಯೂ ಕೋಣನ ತಲೆಯೇ ಆಗಬೇಕೆಂಬ ನಿಯಮವೂ ಏಕೆ ಎಂದು ಶಾಸ್ತ್ರಜ್ಞನು ಕೇಳದೆ ಬಿಡಲಾರನು. ಶಿರ್ಕಿನ ಆರೋಪ ಬಿದ್ದುಹೋದ ಮೇಲೂ ಅಪವ್ಯಯದ ಆರೋಪ ನಿಲ್ಲುತ್ತದೆಂಬುದನ್ನು ಆಚರಣೆಯ ಪಕ್ಷಪಾತಿಗಳು ಹಲವು ವೇಳೆ ಮರೆಯುತ್ತಾರೆ.

ಜೂಜು, ಮದ್ಯಪಾನ ಮೊದಲಾದವು ಸೇರಿಕೊಂಡಲ್ಲಿ ಅವು ತಮ್ಮಷ್ಟಕ್ಕೆ ನಿಷಿದ್ಧ. ಅದಕ್ಕೆ ಹಬ್ಬದ ವಿಚಾರಣೆ ಬೇಕಿಲ್ಲ.

೬

ಈ ವಿಶ್ಲೇಷಣೆಗೆ ಜಾವಾದ ವಿದ್ವಾಂಸರದೇ ಒಂದು ನಿರ್ಣಯವನ್ನು ಒಡ್ಡಿ ಪರೀಕ್ಷಿಸಬಹುದು. ೧೯೧೨ರಲ್ಲಿ ಯೋಗ್ಯಕರ್ತಾದಲ್ಲಿ ಸ್ಥಾಪಿತವಾದ ‘ಮುಹಮ್ಮದಿಯಾ’ ಸುಧಾರಣಾವಾದಿ ಸಂಸ್ಥೆ. ಮೂಢಕಲ್ಪನೆ, ಬಿದ್‌ಅತ್, ಅಂಧಶ್ರದ್ಧೆ ಎಂಬ ಮೂರಕ್ಕೆ ಅಲ್ಲಿ ಬಳಸುವ ಅರಬ್ಬೀ ಶಬ್ದಗಳ ಮೊದಲಕ್ಷರಗಳನ್ನು ಜೋಡಿಸಿದರೆ ಕ್ಷಯರೋಗಕ್ಕೆ ಆ ದೇಶದಲ್ಲಿರುವ ‘ಟಿಬಿಸಿ’ ಎಂಬ ಹೆಸರಾಗುತ್ತದೆ. ಸಂಸ್ಥೆಯ ಪ್ರಚಾರಕರು ಈ ಶ್ಲೇಷೆಯನ್ನು ಚೆನ್ನಾಗಿ ಬಳಸಿಕೊಂಡರು. ೧೯೨೬ರಲ್ಲಿ ಸುರಬಾಯಾದಲ್ಲಿ ಹುಟ್ಟಿದ ‘ನಹ್ದತುಲ್ ಉಲಮಾ’ ಸಂಪ್ರದಾಯವಾದಿ ವಿದ್ವಾಂಸರ ಸಂಸ್ಥೆ. ಮೊದಲನೆಯದು ಲೋಕಾಚಾರಗಳನ್ನು ವಿರೋಧಿಸುತ್ತದೆ, ಎರಡನೆಯದು ಪೋಷಿಸುತ್ತದೆ ಎಂಬುದು ಸಾಮಾನ್ಯವಾಗಿ ಪಠ್ಯಗಳಲ್ಲಿ ಕಾಣುವ ವರ್ಣನೆ.

ಆದರೆ ೧೯೩೦ರ ಸೆಪ್ಟೆಂಬರಿನಲ್ಲಿ ಪೆಕಾಲೋಂಗಾನಿನಲ್ಲಿ ಸೇರಿದ ನಹ್ದತುಲ್ ಉಲಮಾದ ೫ನೆಯ ಮಹಾಸಭೆಯ ಮುಂದೆ ಸೆದೆಕಾಹ್ ಬೂಮಿಯ ಪ್ರಶ್ನೆ ಬಂದಾಗ ಸಭೆಯು ಅದು ಹರಾಮ್, ಎಂದರೆ ನಿಷಿದ್ಧ, ಎಂದು ಉತ್ತರವಿತ್ತಿತು. ಮೇಲ್ನೋಟಕ್ಕೆ ಇದು ಆಶ್ಚರ್ಯಕರ. ಪ್ರಶ್ನೆಯನ್ನು ಓದಿದರೆ ಆಶ್ಚರ್ಯ ನಿಲ್ಲುವುದಿಲ್ಲ. ಗ್ರಾಮವನ್ನು ಕಾಯುವ ಜಿನ್ನಿನ ಸ್ಮರಣಾರ್ಥವಾಗಿ, ಸುಖವನ್ನೂ ಕ್ಷೇಮವನ್ನೂ ಅಪೇಕ್ಷಿಸಿ, ಕೆಲವು ವೇಳೆ ನಿಂದ್ಯಕರ್ಮಗಳೊಡನೆ, ಹಿಂದಿನಿಂದ ನಡೆದುಬಂದ ರೂಢಿಯೆಂಬ ಕಾರಣಕ್ಕೆ ನಡೆಸುವ ಉತ್ಸವ ಎಂದು ಪ್ರಶ್ನೆಯು ಆಚರಣೆಯನ್ನು ವರ್ಣಿಸಿತ್ತು. ಉದ್ದೇಶ್ಯವೇ ಜಿನ್ನು ಎಂದು ಹೇಳಿದ ಮೇಲೆ ಶಾಫಿಈ ವಿದ್ವಾಂಸರಿಗೆ ಬೇರೆ ಉತ್ತರ ಸಾಧ್ಯವಿರಲಿಲ್ಲ. ಪ್ರಶ್ನೆಯು ಸುಗ್ಗಿಯ ಕೃತಜ್ಞತೆಗಾಗಿ ದೇವರನ್ನು ಪ್ರಾರ್ಥಿಸಿ ನೆರೆಯವರಿಗೆ ಉಣಬಡಿಸುವ ಪದ್ಧತಿ ಎಂದಿದ್ದರೆ ಉತ್ತರವೂ ಬೇರೆಯಾಗುತ್ತಿತ್ತೆಂದು ಊಹಿಸಲು ಅದೇ ಸಂಸ್ಥೆಯ ೧೯೨೬ರ ನಿರ್ಣಯವೊಂದು ಆಧಾರ ಕೊಡುತ್ತದೆ. ಸತ್ತವರ ಮನೆಯವರು ಗೊತ್ತಾದ ದಿನಗಳಲ್ಲಿ ಬಂದವರಿಗೆ ಊಟವಿಡುವುದು ‘ಮಕ್ರೂಹ್’, ಎಂದರೆ ಅನಿಷ್ಟ, ಆದರೂ ಅದರಿಂದ ದಾನದ ಪುಣ್ಯ ಕೆಡುವುದಿಲ್ಲ ಎಂದು ಆಗ ನಿರ್ಣಯಿಸಿದ್ದರು. ರೂಪಕ್ಕೆ ಒಂದು ತೀರ್ಪು, ದಾನಕ್ಕೆ ಇನ್ನೊಂದು.

ವಸ್ತುವನ್ನು ಕುರಿತ ತೀರ್ಪು ಆ ವಸ್ತುವಿನ ಕಲ್ಪನೆಯನ್ನು ಅವಲಂಬಿಸಿರುತ್ತದೆಂಬುದು ಅರಬ್ಬೀ ತಾರ್ಕಿಕರಲ್ಲಿಯೂ ಶಾಸ್ತ್ರಜ್ಞರಲ್ಲಿಯೂ ಪ್ರಸಿದ್ಧವಾದ ನ್ಯಾಯ. ಫತ್ವಾ ಸಾಹಿತ್ಯವನ್ನು ಅಭ್ಯಾಸಮಾಡುವವರು ಇದನ್ನು ಎಂದೂ ಮರೆಯಬಾರದು. ೧೯೩೦ರ ಉತ್ತರವನ್ನು ಮಾತ್ರ ಉದ್ಧರಿಸಿದರೆ ಸೆದೆಕಾಹ್ ಬೂಮಿ ಎಲ್ಲೆಡೆಯೂ ನಿಷಿದ್ಧವೆಂದಾಗುತ್ತದೆ. ಉತ್ತರವನ್ನು ಬಿಟ್ಟು ಸಂಸ್ಥೆಯ ಖ್ಯಾತಿಯನ್ನು ಮಾತ್ರ ನೆನೆದರೆ ಎಲ್ಲವೂ ವಿಹಿತವೆಂದಾಗುತ್ತದೆ. ಎರಡೂ ತಪ್ಪು. ನಿಜಸ್ಥಿತಿಯೇನೆಂದರೆ, ಜಿನ್ನಿಗೆ ಎಡೆಯಿಡುವ ವಿಷಯದಲ್ಲಿ ಈ ಎರಡು ಸಂಸ್ಥೆಗಳಿಗೂ ಭೇದವಿಲ್ಲ. ಭೇದವಿರುವುದು ಊಟ, ದಿನ, ಸಾಮೂಹಿಕ ಪ್ರಾರ್ಥನೆಗಳ ವಿಷಯದಲ್ಲಿ.

೭

ಇಲ್ಲಿ ಒಂದು ಪ್ರಬಲವಾದ ಆಕ್ಷೇಪಣೆ ಏಳುತ್ತದೆ. ಉದ್ದೇಶವು ಹೃದಯದಲ್ಲಿರುವಂಥದು, ಅದನ್ನು ಕಂಡವರಾರು? ಬಾಯಲ್ಲಿ ದೇವರ ಹೆಸರು, ಕಡಲಿನಲ್ಲಿ ಕೋಣನ ತಲೆ ಎಂದಾದರೆ ಯಾವುದನ್ನು ನಂಬಬೇಕು? ಇಬ್ನ್ ತೈಮಿಯಾ (ಮರಣ ೧೩೨೮) ಈ ಕಾರಣದಿಂದಲೇ ಉದ್ದೇಶದ ವಿಚಾರಣೆಯನ್ನು ದಾಟಿ, ಅನ್ಯಧರ್ಮೀಯರ ಹಬ್ಬದ ಸ್ಥಳಕಾಲಗಳನ್ನು ಅನುಕರಿಸುವುದನ್ನೇ ತಡೆಯಬೇಕೆಂದರು. ಅವರು ಆಧಾರವಾಗಿ ಹಿಡಿದ ಹದೀಸುಗಳಲ್ಲಿ ಒಂದು ‘ಬುವಾನಾ’ ಎಂಬ ಸ್ಥಳದ ಪ್ರಸಂಗ. ಅಲ್ಲಿ ಒಂಟೆಗಳನ್ನು ಕೊಯ್ಯುವುದಾಗಿ ಹರಕೆ ಹೊತ್ತವನೊಬ್ಬನು ಬಂದು ಕೇಳಿದಾಗ, ಅಲ್ಲಿ ಹಿಂದೆ ವಿಗ್ರಹವಿತ್ತೇ, ಹಬ್ಬ ನಡೆಯುತ್ತಿತ್ತೇ ಎಂದು ಪ್ರವಾದಿಗಳು ವಿಚಾರಿಸಿ, ಇಲ್ಲವೆಂದು ತಿಳಿದ ಮೇಲೆ ಹರಕೆಯನ್ನು ತೀರಿಸಲು ಹೇಳಿದರು. ಇಬ್ನ್ ತೈಮಿಯಾರ ವಾದದಲ್ಲಿ ಬಲವಿದೆ. ಕಡಲರಾಣಿಯ ಹೆಸರು ಇಂದಿಗೂ ಕೇಳಿಬರುವ ತೀರದಲ್ಲಿ ಉದ್ದೇಶ ಬದಲಾಯಿತೆಂದು ಹೇಳುವುದು ಸುಲಭ, ನಂಬಿಸುವುದು ಕಷ್ಟ. ಆದರೆ ಇದೇ ಪ್ರಸಂಗವು ಇನ್ನೊಂದನ್ನೂ ಕಲಿಸುತ್ತದೆ: ತೀರ್ಪಿಗೆ ಮೊದಲು ವಿಚಾರಣೆ ನಡೆಯಿತು. ಸ್ಥಳದ ಹೆಸರನ್ನು ಕೇಳಿದ ಮಾತ್ರಕ್ಕೆ ನಿಷೇಧ ಹೊರಡಲಿಲ್ಲ.

ಎರಡನೆಯ ತೊಡಕು ಸಮೂಹದ್ದು. ಶಾಸ್ತ್ರವು ‘ನಿಯ್ಯತ್ತ’ನ್ನು ವ್ಯಕ್ತಿಯಲ್ಲಿ ಹುಡುಕುತ್ತದೆ, ಹಬ್ಬವಾದರೋ ಊರಿನದು. ದೋಣಿಯ ಮುಂದೆ ನಿಂತ ಮೋದಿನನು ದೇವರನ್ನು, ಮುದುಕ ಬೆಸ್ತನು ಕಡಲಿನ ಒಡತಿಯನ್ನು, ಜಿಲ್ಲಾಡಳಿತದ ಪ್ರವಾಸೋದ್ಯಮಾಧಿಕಾರಿಯು ಬರುವ ಜನಸಂದಣಿಯನ್ನು ನೆನೆಯುತ್ತಿರಬಹುದು. ಇವರಲ್ಲಿ ಯಾರ ಉದ್ದೇಶ ಹಬ್ಬದ ಉದ್ದೇಶ? ಫಿಕ್ಹಿನ ಉತ್ತರ ಒಬ್ಬೊಬ್ಬನಿಗೂ ಅವನವನ ಕರ್ಮದ ಹೊಣೆ ಎಂಬುದೇ ಆಗುವುದರಿಂದ, ‘ಸೆದೆಕಾಹ್ ಲಾವುತ್ ಶಿರ್ಕ್ ಹೌದೇ ಅಲ್ಲವೇ’ ಎಂಬ ಪ್ರಶ್ನೆ ಆ ರೂಪದಲ್ಲಿ ಅದಕ್ಕೆ ಅಸಮರ್ಪಕವಾಗುತ್ತದೆ.

ಇದರಿಂದ ಬಾಂತುಲ್ ಪ್ರಸಂಗಕ್ಕೆ ಬೆಳಕು ದೊರೆಯುತ್ತದೆ. ಕೆಡುಕನ್ನು ತಡೆಯುವ ಕರ್ತವ್ಯವನ್ನು ಕುರಿತು ವಿಸ್ತಾರವಾಗಿ ಬರೆದ ಗಜಾಲೀ (ಮರಣ ೧೧೧೧) ಈ ನಿಯಮಗಳನ್ನು ವಿಧಿಸುತ್ತಾರೆ: ಕೆಡುಕು ಆಗ ನಡೆಯುತ್ತಿರಬೇಕು; ಗೂಢಚಾರಿಕೆಯಿಲ್ಲದೆ ಪ್ರಕಟವಾಗಿ ಕಾಣಬೇಕು; ಅದು ಕೆಡುಕೆಂಬುದು ಶಾಸ್ತ್ರವಿಚಾರದ ಊಹಾಪೋಹವಿಲ್ಲದೆ ತಿಳಿದಿರಬೇಕು. ಜಿನ್ನಿನ ಪೂಜೆ ಕೆಡುಕೆಂಬುದು ನಿರ್ವಿವಾದ. ಆದರೆ ಈ ತೀರದ, ಈ ಜನರ, ಈ ಹಬ್ಬ ಅದೇ ಎಂಬುದು ವಿಚಾರಣೆಯಿಂದ ಮಾತ್ರ ತಿಳಿಯತಕ್ಕ ಸಂಗತಿ. ವಿಚಾರಣೆಯ ಮೊದಲೇ ಕೈಮಾಡಿದವರು ಗಜಾಲೀಯವರ ನಿಯಮವನ್ನು ಪಾಲಿಸಿದರೆಂದು ಹೇಳಲಾಗದು.

೮

ಇದೇ ವಿವಾದ ನಮ್ಮ ನಾಡಿಗೂ ಹೊಸದಲ್ಲ. ಜಾವಾದಲ್ಲಿ ಸ್ಲಾಮೆತಾನಿಗೆ ‘ಕೆಂದುರಿ’ ಎಂಬ ಇನ್ನೊಂದು ಹೆಸರುಂಟು. ಉತ್ತರ ಕರ್ನಾಟಕದ ದರ್ಗಾಗಳಲ್ಲಿ ಹರಕೆಯ ಕುರಿ ಕೊಯ್ದು ಊಟಹಾಕುವ ‘ಕಂದೂರಿ’ಯೂ ಅದೇ ಪಾರಸೀ ಶಬ್ದ. ಇಲ್ಲಿಯ ಮುಸಲ್ಮಾನರಲ್ಲಿ ಬಹುಸಂಖ್ಯಾತರು ಹನಫೀಗಳು. ಸಂತರ ಪ್ರೀತ್ಯರ್ಥವಾಗಿ ಅವರ ಸಮಾಧಿಗಳಿಗೆ ಒಯ್ಯುವ ಹರಕೆ ಅಸಿಂಧು ಮತ್ತು ನಿಷಿದ್ಧ, ಬಡವರಿಗೆ ವೆಚ್ಚಮಾಡುವ ಉದ್ದೇಶವಿದ್ದರೆ ಹಾಗಲ್ಲ ಎಂಬ ವಿಧಿ ಹನಫೀ ಗ್ರಂಥಗಳಲ್ಲಿ ಬಂದು ೧೯ನೆಯ ಶತಮಾನದ ಇಬ್ನ್ ಆಬಿದೀನರ ಪ್ರಸಿದ್ಧ ವ್ಯಾಖ್ಯಾನದಲ್ಲಿ ಚರ್ಚಿತವಾಗಿದೆ. ಸಂಪ್ರದಾಯ ಬೇರೆ, ದೇಶ ಬೇರೆ. ವಿಚಾರದ ಕ್ರಮ ಒಂದೇ. ಕಂದೂರಿಯನ್ನು ಅಭ್ಯಾಸಮಾಡುವ ನಮ್ಮ ವಿದ್ಯಾರ್ಥಿಗಳು ಅದನ್ನು ‘ಹಿಂದೂ ಪ್ರಭಾವ’ ಎಂಬ ಒಂದು ಮಾತಿನಿಂದ ಮುಗಿಸದೆ ಈ ಕ್ರಮವನ್ನು ಅನುಸರಿಸಿದರೆ ಹೆಚ್ಚು ಪ್ರಯೋಜನವಾದೀತು.

ಆದರೂ ಶಾಸ್ತ್ರಪಕ್ಷದ ಒಂದು ಮಿತಿಯನ್ನು ಹೇಳದೆ ಮುಗಿಸುವುದು ನ್ಯಾಯವಲ್ಲ. ಉದ್ದೇಶವನ್ನು ಬಿಡಿಸಿ ಹೇಳೆಂದು ಶಾಸ್ತ್ರವು ಕೇಳುತ್ತದೆ. ಬೀಟಿಯವರು ತೋರಿಸಿರುವಂತೆ ಹಳ್ಳಿಯ ಸಹಭೋಜನವು ನಿಂತಿರುವುದೇ ಅದನ್ನು ಬಿಡಿಸಿ ಹೇಳದಿರುವುದರ ಮೇಲೆ. ಕಡಲಿಗೆ ಇಳಿದು ಮರಳಿ ಬಂದವನಿಗೆ ದೇವರಿಗೆ ಸಲ್ಲುವ ಕೃತಜ್ಞತೆ ಎಲ್ಲಿ ಮುಗಿಯಿತು, ಕಡಲಿನ ಭಯ ಎಲ್ಲಿ ಮೊದಲಾಯಿತು ಎಂಬುದು ಅವನಿಗೇ ತಿಳಿದಿರದೆ ಇರಬಹುದು. ಅವನನ್ನು ಉತ್ತರಿಸಲು ನಿರ್ಬಂಧಿಸಿದಾಗ ನೆರೆಯವರ ನಡುವೆ ಹಿಂದೆ ಇಲ್ಲದಿದ್ದ ಗೆರೆಯೊಂದು ಬೀಳುತ್ತದೆ. ಶಾಸ್ತ್ರಕ್ಕೆ ಈ ಪ್ರಶ್ನೆಯನ್ನು ಕೇಳದೆ ಗತ್ಯಂತರವಿಲ್ಲ. ಹಳ್ಳಿಗೆ ಇದರ ಉತ್ತರ ಸುಲಭವಲ್ಲ. ಸಂಘರ್ಷದ ಬೇರು ಇರುವುದು ಇಲ್ಲಿ.

ಇದಕ್ಕೆ ಪರಿಹಾರದ ಮಾದರಿಯೂ ಶಾಸ್ತ್ರದಲ್ಲಿಯೇ ಇದೆಯೆಂಬುದು ಗಮನಾರ್ಹ. ಅಕೀಕಾದಲ್ಲಿ ರಕ್ತದ ಬದಲು ಕೇಸರಿ ಬಂದಂತೆ, ಜಾವಾದ ಹಲವು ಕಡೆ ಇಂದು ಸ್ಲಾಮೆತಾನಿಗೆ ‘ಶುಕ್ರ್’, ಎಂದರೆ ಕೃತಜ್ಞತೆ, ಎಂಬ ಅರಬ್ಬೀ ಶಬ್ದದಿಂದ ಬಂದ ‘ಶುಕುರಾನ್’ ಎಂಬ ಹೆಸರು ಬಳಕೆಗೆ ಬಂದಿದೆ. ಹೆಸರಿನೊಡನೆ ಎಡೆ ತೊಲಗುತ್ತದೆಯೋ, ಎಡೆ ಉಳಿದು ಹೆಸರು ಮಾತ್ರ ಬದಲಾಗುತ್ತದೆಯೋ ಎಂಬುದನ್ನು ಊರೂರಿಗೆ ಹೋಗಿ ನೋಡಬೇಕಾಗಿದೆ. ಹಾಗೆ ನೋಡಲು ಹೊರಟವರು ಅರಬ್ಬೀ ಪ್ರಾರ್ಥನೆಯನ್ನು ಎಷ್ಟು ಎಚ್ಚರದಿಂದ ಕೇಳುವರೋ ದೋಣಿಯನ್ನು ನೀರಿಗೆ ಬಿಡುವವನ ಮಾತನ್ನೂ ಅಷ್ಟೇ ಎಚ್ಚರದಿಂದ ಕೇಳಿ ಬರೆದುಕೊಳ್ಳಬೇಕು. ಮುಫ್ತಿಗೆ ತೀರ್ಪಿನ ಆಧಾರವಾಗುವುದೂ ಸಂಶೋಧಕನಿಗೆ ಪ್ರಮಾಣವಾಗುವುದೂ ಆ ಮಾತೇ.